ಮೊದಲ ಫ್ಲಾಟ್ ಕೊಂಡವರಿಗೆ ಮನೆ ವಿಮೆ: ಏನನ್ನು, ಎಷ್ಟಕ್ಕೆ, ಯಾರ ಹೆಸರಿನಲ್ಲಿ

ಬೆಂಗಳೂರಿನಲ್ಲಿ ಮೊದಲ ಬಾರಿಗೆ ಫ್ಲಾಟ್ ಕೊಳ್ಳುವವರಲ್ಲಿ ಹೆಚ್ಚಿನವರ ಕಿವಿಗೆ ವಿಮೆಯ ಮಾತು ಬೀಳುವುದು ಗೃಹಸಾಲದ ಕಾಗದಗಳಿಗೆ ಸಹಿ ಹಾಕುವ ದಿನ. ಆ ಕಾಗದಗಳ ನಡುವೆ ಇರುವ ವಿಮಾ ಅರ್ಜಿ ಬಹಳಷ್ಟು ಸಲ ಸಾಲಗಾರರ ಜೀವಕ್ಕೆ ಸಂಬಂಧಿಸಿದ್ದಾಗಿರುತ್ತದೆ. ಅವರು ತೀರಿಕೊಂಡರೆ ಬಾಕಿ ಸಾಲವನ್ನು ಅದು ತೀರಿಸುತ್ತದೆ. ಮನೆಗೆ ಬೆಂಕಿ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದರ ಪ್ರೀಮಿಯಂ ಸಾಲದ ಮೊತ್ತಕ್ಕೇ ಸೇರಿದ್ದರೆ ಅದಕ್ಕೂ ವರ್ಷಗಟ್ಟಲೆ ಬಡ್ಡಿ ಕಟ್ಟಬೇಕಾಗುತ್ತದೆ. ಆದ್ದರಿಂದ ಸಹಿಗೆ ಮುನ್ನ ಇದು ಜೀವಕ್ಕೋ ಕಟ್ಟಡಕ್ಕೋ ಎಂದು ಕೇಳಿ ತಿಳಿದುಕೊಳ್ಳಬೇಕು. ಅಡವಿಟ್ಟ ಆಸ್ತಿಗೆ ವಿಮೆ ಇರಲಿ ಎಂದು ಬ್ಯಾಂಕು ಷರತ್ತು ಹಾಕಬಹುದು, ಆದರೆ ತಾನು ಹೇಳಿದ ಕಂಪನಿಯಿಂದಲೇ ಕೊಳ್ಳಬೇಕೆಂದು ಒತ್ತಾಯಿಸುವಂತಿಲ್ಲ.

ಕಟ್ಟಡದ ವಿಮೆಯನ್ನು ಹುಡುಕುವ ಮೊದಲು ವಿಚಾರಿಸಬೇಕಾದದ್ದು ಅಪಾರ್ಟ್‌ಮೆಂಟ್ ಮಾಲೀಕರ ಸಂಘವನ್ನು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯು ಇಡೀ ಸಮುಚ್ಚಯಕ್ಕೆ ವಿಮೆ ಮಾಡಿಸುವ ಅಧಿಕಾರವನ್ನು ಆಡಳಿತ ಮಂಡಳಿಗೆ ನೀಡುತ್ತದೆ. ಜೊತೆಗೆ, ಪ್ರತಿಯೊಬ್ಬ ಮಾಲೀಕರು ತಮ್ಮ ಮನೆಗೆ ಪ್ರತ್ಯೇಕವಾಗಿ ವಿಮೆ ಮಾಡಿಸಿಕೊಳ್ಳುವ ಹಕ್ಕನ್ನೂ ಉಳಿಸಿಕೊಡುತ್ತದೆ. ಸಂಘದ ಪಾಲಿಸಿ ಲಿಫ್ಟ್, ಜನರೇಟರ್, ಪಂಪುಗಳಿಗಷ್ಟೇ ಸೀಮಿತವೋ, ಮನೆಗಳ ಗೋಡೆ ಮತ್ತು ಛಾವಣಿಯನ್ನೂ ಒಳಗೊಂಡಿದೆಯೋ, ವಿಮಾ ಮೊತ್ತ ಎಷ್ಟು, ನವೀಕರಣದ ದಿನಾಂಕ ಯಾವುದು ಎಂಬುದನ್ನು ಬಾಯಿಮಾತಿನಲ್ಲಿ ಕೇಳಿ ಬಿಡದೆ ಪಾಲಿಸಿಯ ಪ್ರತಿಯನ್ನೇ ಪಡೆದು ನೋಡಬೇಕು. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ 2021ರ ನವೆಂಬರ್‌ನಲ್ಲಿಯೂ 2024ರ ಅಕ್ಟೋಬರ್‌ನಲ್ಲಿಯೂ ನೀರು ನುಗ್ಗಿ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಇಂಥ ಪ್ರಸಂಗದಲ್ಲಿ ಹತ್ತನೆಯ ಮಹಡಿಯ ಮನೆಗೆ ಏನೂ ಆಗದಿರಬಹುದು. ಆದರೆ ನೆಲಮಾಳಿಗೆಯ ಯಂತ್ರಗಳಿಗೆ ವಿಮೆ ಇಲ್ಲದಿದ್ದರೆ ಅವುಗಳ ದುರಸ್ತಿಯ ವೆಚ್ಚ ಎಲ್ಲ ಮನೆಗಳ ಮೇಲೂ ಹಂಚಿಕೆಯಾಗುತ್ತದೆ. ಅಲ್ಲಿ ನಿಲ್ಲಿಸಿದ ಕಾರು ಮನೆ ವಿಮೆಗೆ ಸೇರುವುದೇ ಇಲ್ಲ. ವಾಹನದ ಸ್ವಂತ ಹಾನಿಯ ವಿಮೆಯಿಂದಲೇ ಅದಕ್ಕೆ ಪರಿಹಾರ ಸಿಗಬೇಕು.

ಇನ್ನು ಸ್ವಂತ ಪಾಲಿಸಿಯ ವಿಷಯ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಕಂಪನಿ ಯಾವುದೇ ಆದರೂ ಇದರ ಮೂಲ ಷರತ್ತುಗಳು ಒಂದೇ ಆಗಿರುವುದರಿಂದ ಹೋಲಿಕೆ ಸುಲಭ, ಮೊದಲ ಬಾರಿಗೆ ಕೊಳ್ಳುವವರು ಇದರಿಂದಲೇ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ಭಯೋತ್ಪಾದಕ ಕೃತ್ಯ, ನೀರಿನ ಟ್ಯಾಂಕು ಮತ್ತು ಕೊಳವೆಗಳು ಒಡೆದು ಆಗುವ ಹಾನಿ ಇವೆಲ್ಲ ಇದರಲ್ಲಿ ಸೇರಿವೆ. ಅವಧಿಯನ್ನು 10 ವರ್ಷಗಳವರೆಗೆ ಆರಿಸಿಕೊಳ್ಳಬಹುದು, ಮತ್ತು ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿಯೇ ಏರುತ್ತದೆ.

ಎಷ್ಟು ಮೊತ್ತಕ್ಕೆ ವಿಮೆ ಮಾಡಿಸಬೇಕು ಎಂಬಲ್ಲಿಯೇ ಹೆಚ್ಚಿನ ಗೊಂದಲ. ಕ್ರಯಪತ್ರದಲ್ಲಿರುವ ಬೆಲೆಯಲ್ಲಿ ಬಹುಭಾಗ ಜಾಗದ ಮತ್ತು ಬಡಾವಣೆಯ ಬೆಲೆ, ಜಾಗ ಸುಟ್ಟುಹೋಗುವುದಿಲ್ಲ. ಈ ಪಾಲಿಸಿಯಲ್ಲಿ ಕಟ್ಟಡದ ವಿಮಾ ಮೊತ್ತವೆಂದರೆ ಕಾರ್ಪೆಟ್ ಏರಿಯಾವನ್ನು (ಹೊರಗೋಡೆಗಳ ಒಳಗಿನ ಬಳಕೆಯ ನೆಲದ ಅಳತೆ) ಇಂದಿನ ನಿರ್ಮಾಣ ವೆಚ್ಚದ ದರದಿಂದ ಗುಣಿಸಿದಾಗ ಬರುವ ಮೊತ್ತ. ಸಾಮಾನ್ಯ ಜಾಗಗಳ ಪಾಲನ್ನೂ ಸೇರಿಸಿ ಬಿಲ್ಡರ್ ಹೇಳುವ ಸೂಪರ್ ಬಿಲ್ಟ್‌ಅಪ್ ಅಳತೆಯನ್ನು ಇಲ್ಲಿ ಬಳಸಬಾರದು; ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ಮಾರಾಟದ ಕರಾರಿನಲ್ಲಿ ನಮೂದಾಗಿರುವ ಕಾರ್ಪೆಟ್ ಏರಿಯಾವನ್ನೇ ತೆಗೆದುಕೊಳ್ಳಬೇಕು. ಉದಾಹರಣೆಗೆ, 1.2 ಕೋಟಿ ರೂಪಾಯಿಗೆ ಕೊಂಡ ಫ್ಲಾಟಿನ ಕಾರ್ಪೆಟ್ ಏರಿಯಾ 1,000 ಚದರ ಅಡಿ, ನಿರ್ಮಾಣ ವೆಚ್ಚ ಚದರ ಅಡಿಗೆ 3,000 ರೂಪಾಯಿ ಎಂದು ಹಿಡಿದರೆ ವಿಮಾ ಮೊತ್ತ 30 ಲಕ್ಷ. ಮನೆಯೊಳಗಿನ ವಸ್ತುಗಳಿಗೆ ಈ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಪ್ರತ್ಯೇಕ ಪಟ್ಟಿ ಇಲ್ಲದೆಯೇ ರಕ್ಷಣೆ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ ಅದು 6 ಲಕ್ಷ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಅರ್ಜಿಯಲ್ಲಿ ಘೋಷಿಸಬೇಕು. ಹೊಸ ಮನೆಗೆ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್ ಎಂದು ಲಕ್ಷಗಟ್ಟಲೆ ಖರ್ಚಾಗುವುದು ಸಾಮಾನ್ಯ. ಈ ಖರ್ಚು ಚದರ ಅಡಿಯ ದರದಲ್ಲಿ ಸೇರಿರುವುದಿಲ್ಲ. ಆದ್ದರಿಂದ ಅದನ್ನು ಕಟ್ಟಡದ ಮೊತ್ತಕ್ಕೆ ಸೇರಿಸಬೇಕೋ ವಸ್ತುಗಳ ಮೊತ್ತಕ್ಕೋ ಎಂದು ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆದು, ಇಂಟೀರಿಯರ್ ಕೆಲಸದ ಬಿಲ್ಲುಗಳನ್ನು ಕಾದಿಡಬೇಕು.

ಸ್ವತಂತ್ರ ಮನೆಗೆ ಇಲ್ಲದ ಒಂದು ತೊಡಕು ಫ್ಲಾಟಿಗಿದೆ. ಇಡೀ ಕಟ್ಟಡವೇ ವಾಸಕ್ಕೆ ಅಯೋಗ್ಯವಾದರೆ ಒಬ್ಬರು ತಮ್ಮ ಮನೆಯನ್ನು ಮಾತ್ರ ಮರಳಿ ಕಟ್ಟಿಕೊಳ್ಳಲಾರರು. ಎಲ್ಲ ಮಾಲೀಕರೂ ಒಪ್ಪಿ ಹಣ ಕೂಡಿಸಿದರಷ್ಟೇ ಮರುನಿರ್ಮಾಣ ಸಾಧ್ಯ, ಮತ್ತು ನೆರೆಮನೆಯವರ ಬಳಿ ವಿಮೆ ಇಲ್ಲದಿದ್ದರೆ ನಿಮ್ಮ ವಿಮೆಯಿದ್ದೂ ಕೆಲಸ ನಿಲ್ಲಬಹುದು. ಈ ಕಾರಣಕ್ಕಾಗಿ ಇಡೀ ಕಟ್ಟಡಕ್ಕೆ ಸಂಘದ ಪಾಲಿಸಿ ಇರುವುದು ಎಲ್ಲರ ಹಿತದಲ್ಲಿದೆ. ಇಲ್ಲದಿದ್ದಲ್ಲಿ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಎತ್ತಬೇಕು. ಒಪ್ಪಿತ ಮೌಲ್ಯದ, ಅಂದರೆ ಕಂಪನಿಯೊಂದಿಗೆ ಮೊದಲೇ ಒಪ್ಪಿಕೊಂಡ ಮೊತ್ತದ, ಆಧಾರದ ಮೇಲೆ ಫ್ಲಾಟಿಗೆ ವಿಮೆ ನೀಡುವ ಪಾಲಿಸಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಪ್ರೀಮಿಯಂ ಹೆಚ್ಚು, ಆದರೆ ಹಳೆಯ ಕಟ್ಟಡದಲ್ಲಿ ಕೊಂಡವರು ವಿಚಾರಿಸಿ ನೋಡಬಹುದು.

ಏಕರೂಪದ ಪಾಲಿಸಿಯಲ್ಲಿ ಸೇರದ ವಿಷಯಗಳನ್ನು ಓದುವಾಗ ಕಳ್ಳತನದ ಷರತ್ತಿನ ಬಳಿ ನಿಲ್ಲಬೇಕು. ಬೆಂಕಿ, ಪ್ರವಾಹದಂಥ ಘಟನೆ ನಡೆದ 7 ದಿನಗಳೊಳಗೆ ಆದ ಕಳವಿಗೆ ಮಾತ್ರ ಇಲ್ಲಿ ಪರಿಹಾರ. ಊರಿಗೆ ಹೋದಾಗ ಬೀಗ ಮುರಿದು ಕದ್ದರೆ ಸಿಗುವುದಿಲ್ಲ. ಅದಕ್ಕೆ ಕಳ್ಳತನದ ವಿಮೆಯನ್ನು ಬೇರೆಯಾಗಿ ಕೊಳ್ಳಬೇಕು. ಒಡವೆಗಳಿಗೆ ಐಚ್ಛಿಕ ರಕ್ಷಣೆಯಿದ್ದು, ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕಾಗುತ್ತದೆ. ಶಾರ್ಟ್ ಸರ್ಕಿಟ್‌ನಿಂದ ಟಿವಿ ಸುಟ್ಟರೆ ಆ ಟಿವಿಗೆ ಪರಿಹಾರವಿಲ್ಲ, ಅದರಿಂದ ಹಬ್ಬಿದ ಬೆಂಕಿಯ ಹಾನಿಗೆ ಉಂಟು. ಮೇಲ್ಮನೆಯ ಬಚ್ಚಲಿನಿಂದ ತಿಂಗಳುಗಟ್ಟಲೆ ಜಿನುಗುವ ನೀರು ವಿಮೆಯ ವಿಷಯವಲ್ಲ. ಅದು ನೆರೆಹೊರೆಯ ಮಾತುಕತೆಯಲ್ಲೇ ಬಗೆಹರಿಯಬೇಕು, ಬಗೆಹರಿಯುವುದು ಎಷ್ಟು ಕಷ್ಟವೆಂದು ಅಪಾರ್ಟ್‌ಮೆಂಟಿನಲ್ಲಿ ಇದ್ದವರಿಗೆಲ್ಲ ಗೊತ್ತು. ನಿಮ್ಮ ಮನೆಯ ಕೊಳವೆ ಒಡೆದು ಕೆಳಗಿನವರ ಛಾವಣಿ ಹಾಳಾದರೆ ಅವರಿಗೆ ಕೊಡಬೇಕಾದ ಹಣಕ್ಕೆ ಹೊಣೆಗಾರಿಕೆಯ ರಕ್ಷಣೆ ಬೇರೆಯಾಗಿಯೇ ಬೇಕು. ಹೊಸ ಕಟ್ಟಡದ ರಚನಾ ದೋಷವನ್ನು ಸ್ವಾಧೀನ ನೀಡಿದ 5 ವರ್ಷಗಳೊಳಗೆ ತಿಳಿಸಿದರೆ ಉಚಿತವಾಗಿ ಸರಿಪಡಿಸುವ ಹೊಣೆಯನ್ನು ರೇರಾ ಕಾಯ್ದೆ ಬಿಲ್ಡರ್ ಮೇಲೆ ಹೊರಿಸಿದೆ.

ಪಾಲಿಸಿ ಕ್ರಯಪತ್ರದಲ್ಲಿರುವ ಹೆಸರುಗಳಲ್ಲೇ ಇರಲಿ. ದಂಪತಿ ಜಂಟಿಯಾಗಿ ಕೊಂಡಿದ್ದರೆ ಇಬ್ಬರ ಹೆಸರೂ ಬೇಕು. ಮರುಮಾರಾಟದ ಫ್ಲಾಟಾದರೆ ಹಿಂದಿನ ಮಾಲೀಕರ ಪಾಲಿಸಿಯನ್ನು ನೆಚ್ಚಿಕೊಳ್ಳದೆ ನೋಂದಣಿಯ ದಿನದಿಂದಲೇ ಹೊಸದನ್ನು ಆರಂಭಿಸಬೇಕು. ಬೆಲೆ ಹೋಲಿಸುವಾಗ ಶೇ 18 ಜಿಎಸ್‌ಟಿಯನ್ನೂ ಸೇರಿಸಿ ನೋಡಬೇಕು, ಏಕೆಂದರೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ ಸಿಕ್ಕಿರುವ ತೆರಿಗೆ ವಿನಾಯಿತಿ ಮನೆ ವಿಮೆಗೆ ಅನ್ವಯಿಸುವುದಿಲ್ಲ.

ಗೃಹಪ್ರವೇಶ ಮುಗಿದ ಮೇಲೆ ಪ್ರತಿ ಕೋಣೆಯ, ಬೆಲೆಬಾಳುವ ಪ್ರತಿ ವಸ್ತುವಿನ ಫೋಟೊ ತೆಗೆದು ಬಿಲ್ಲುಗಳ ಜೊತೆಗೆ ಮನೆಯ ಹೊರಗೂ ಒಂದು ಪ್ರತಿ ಇಡಬೇಕು. ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಿ, ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವವರೆಗೆ ಹಾಳಾದ ವಸ್ತುಗಳನ್ನು ಎಸೆಯದಿರಬೇಕು. ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಡಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ, 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ವಿಮಾ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಒಯ್ಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.