ಇಂಗ್ಲೆಂಡಿನ ಹಳೇ ಹಳ್ಳಿ ಚರ್ಚನ್ನು ನೋಡುವುದು ಹೇಗೆ?

ಒಳಗೆ ಹೋಗುವ ಮುಂಚೆ ಸುಮ್ನೆ ಒಂದು ಸುತ್ತು ಹಾಕಿ, ಕಮಾನುಗಳನ್ನು ನೋಡಿ. ದುಂಡಗಿದ್ದು ಗೋಡೆಯೂ ದಪ್ಪಗಿದ್ದರೆ ಬಹುಶಃ 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದ್ದು. ತುದಿ ಚೂಪಾಗಿದ್ದರೆ ಗೋಥಿಕ್ ಅನ್ನೋ ಶೈಲಿ, ಅಂದರೆ 12ನೇ ಶತಮಾನದ ಕೊನೆಯಿಂದ ಈಚಿನದು. ಒಂದೇ ಚರ್ಚಲ್ಲಿ ಎರಡೂ ಸಿಗುತ್ತವೆ, ಗಾಬರಿ ಬೇಡ.

ಬಾಗಿಲ ಹತ್ತಿರವೇ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ ಇರುತ್ತದೆ. ಬಗ್ಗಿ ಅದರ ಅಂಚು ನೋಡಿ, ಮುರಿದ ಕಬ್ಬಿಣದ ಕೊಂಡಿಯೋ ತೇಪೆ ಹಾಕಿದ ಗುರುತೋ ಕಾಣಬಹುದು. ಮಾಟಕ್ಕೆ ಅಂತ ತೊಟ್ಟಿಯ ಪವಿತ್ರ ನೀರು ಕದಿಯುವ ಭಯವಿತ್ತು, ಅದಕ್ಕೇ 1236ರಲ್ಲಿ ಇಂಗ್ಲೆಂಡಿನ ಹಿರಿಯ ಧರ್ಮಗುರುವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ತೊಟ್ಟಿ ಮುಚ್ಚಿ ಬೀಗ ಹಾಕಿ ಅಂತ ಆಜ್ಞೆ ಮಾಡಿದ್ದರು. ನನಗಂತೂ ಬಣ್ಣದ ಗಾಜಿಗಿಂತ ಇದೇ ಜಾಸ್ತಿ ಇಷ್ಟ.

ಆಮೇಲೆ ಬೆಂಚುಗಳ ತುದಿಯ ಕೆತ್ತನೆ. ಪೂರ್ವ ಇಂಗ್ಲೆಂಡಿನ ಸಫೋಕ್, ನಾರ್ಫೋಕ್ ಕಡೆಯಾದರೆ ಕತ್ತೆತ್ತಿ ಚಾವಣಿಯನ್ನೂ ನೋಡಿ, ಮರದ ದೇವದೂತರು ರೆಕ್ಕೆ ಬಿಚ್ಚಿಕೊಂಡು ನಿಂತಿರಬಹುದು.