ಹಳೇ ಪೈಪ್ ಆರ್ಗನ್ ಇಳಿಸಿ ಹೊಸದು ಕೂರಿಸಿದ ನನ್ನ ಅನುಭವ

ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆಗೆ ಪೈಪ್ ಆರ್ಗನ್ (ಕೀ ಒತ್ತಿದಾಗ ಕೊಳವೆಗಳಿಗೆ ಗಾಳಿ ನುಗ್ಗಿ ಸ್ವರ ಹೊರಡುವ ವಾದ್ಯ) ನುಡಿಸುವವನು ನಾನು. ಹಳೆಯದನ್ನು ತೆಗೆದು ಹೊಸದು ತರಬೇಕು ಅಂತ ಆದಾಗ ಉಸ್ತುವಾರಿಯೂ ನನ್ನ ಪಾಲಿಗೇ ಬಂತು. ಇದೇ ಯೋಚನೆಯಲ್ಲಿರುವ ಬೇರೆ ಧರ್ಮಕೇಂದ್ರದವರಿಗೆ ಮೊದಲೇ ಹೇಳಿಬಿಡುತ್ತೇನೆ: ಯಾವ ಆರ್ಗನ್ ಅನ್ನುವುದಕ್ಕಿಂತ ಅದು ಎಲ್ಲಿ ನಿಲ್ಲುತ್ತದೆ ಅನ್ನುವುದೇ ಜಾಸ್ತಿ ಮುಖ್ಯ.

ನಮ್ಮ ಹಳೇ ಆರ್ಗನ್ ಬಲಿಪೀಠದ ಪಕ್ಕದ ಆಳವಾದ ಕೋಣೆಯೊಳಗೆ ಇತ್ತು. 19ನೇ ಶತಮಾನದ ಎಷ್ಟೋ ಚರ್ಚುಗಳಲ್ಲಿ ಇದೇ ಕಥೆ. ಕೋಣೆಯ ಬಾಯಿ ಗಾಯನ ಮಂಡಳಿಯ ಕಡೆಗಿತ್ತು, ಜನರ ಕಡೆಗಲ್ಲ. ಹಾಗಾಗಿ ಮುಂದೆ ಕೂತವರಿಗೆ ಕಿವಿಗಡಚಿಕ್ಕುವ ಸದ್ದು, ಹಿಂದಿನ ಬೆಂಚಿನವರಿಗೆ ಬರೀ ಗೊಂಯ್ ಅನ್ನುವ ಮೊರೆತ. ಅವರಿಗೆ ಸ್ವರ ಸರಿಯಾಗಿ ಕೇಳಿಸದೆ ಹಾಡು ಎಳೆಯುತ್ತಾ ಹೋಗುತ್ತಿತ್ತು.

ಅದರ ಮೇಲೆ ಚರ್ಮ ಕೈಕೊಟ್ಟಿತು. ಇಂಥ ಆರ್ಗನ್‌ಗಳಲ್ಲಿ ಸ್ವರಕ್ಕೊಂದರಂತೆ ಬೆರಳಗಲದ ಚರ್ಮದ ತಿದಿಗಳು ಒಳಗೆ ಕೂತಿರುತ್ತವೆ. ಕೀ ಒತ್ತಿದಾಗ ಅದರ ಗಾಳಿ ಹೊರಹೋಗಿ, ತಿದಿ ಕುಸಿದು, ಕೊಳವೆಯ ಕವಾಟ ತೆರೆಯುತ್ತದೆ. ನಾನು ಒಂದನ್ನು ಬಿಚ್ಚಿ ಉಗುರಿನಿಂದ ಮುಟ್ಟಿದೆ. ಮಡಿಕೆಯ ಜಾಗದಲ್ಲಿ ಚರ್ಮ ಕಂದು ಪುಡಿಯಾಗಿ ಉದುರಿತು. ಇಂಥವು ನೂರಾರು ಇದ್ದವು. ಕೆಲವು ಸ್ವರ ಹೊರಡುತ್ತಲೇ ಇರಲಿಲ್ಲ, ಕೆಲವು ಕೈ ತೆಗೆದರೂ ನಿಲ್ಲುತ್ತಿರಲಿಲ್ಲ. ಎಲ್ಲರೂ ಮೌನ ಪ್ರಾರ್ಥನೆಯಲ್ಲಿದ್ದಾಗ ಒಂದು ಸ್ವರ ತಾನಾಗಿಯೇ ಕೂಗುತ್ತಾ ನಿಂತರೆ ನುಡಿಸುವವನಿಗೆ ಆಗುವ ಸಂಕಟ ಹೇಳತೀರದು.

ಚರ್ಮ ಪೂರ್ತಿ ಬದಲಿಸಬಹುದಿತ್ತು. ಆದರೆ ಅಷ್ಟು ಖರ್ಚು ಮಾಡಿಯೂ ಅದು ಅದೇ ಕೋಣೆಯಲ್ಲೇ ಉಳಿಯುತ್ತಿತ್ತು. ಡಿಜಿಟಲ್ ಆರ್ಗನ್ ತರೋಣ ಅಂತಲೂ ಕೆಲವರು ಹೇಳಿದರು. ಅದು ಅಗ್ಗ, ಜಾಗವೂ ಕಡಿಮೆ ಸಾಕು. ಸಣ್ಣ ಚರ್ಚಿಗೆ ಅದೇ ಸರಿಯಾಗಬಹುದು, ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಎಲೆಕ್ಟ್ರಾನಿಕ್ ವಸ್ತುವಿಗೆ ಕೆಲವು ದಶಕಗಳಾದ ಮೇಲೆ ಬಿಡಿಭಾಗ ಸಿಗುವುದೇ ಕಷ್ಟ. ಸ್ವಿಟ್ಜರ್ಲೆಂಡಿನ ಸಿಯೋನ್ ಊರಿನ ವಾಲೇರ್ ಬೆಸಿಲಿಕಾದಲ್ಲಿ 15ನೇ ಶತಮಾನದ ಪೈಪ್ ಆರ್ಗನ್ ಇವತ್ತಿಗೂ ನುಡಿಯುತ್ತದೆ. ನಾನು ಪೈಪ್ ಪರವಾಗಿ ಪಟ್ಟು ಹಿಡಿದದ್ದು ಇದಕ್ಕೇ.

ಜಾಗ ಗೊತ್ತುಮಾಡಲು ಗಾಯನ ಮಂಡಳಿಯನ್ನು ಹಿಂಬದಿಯ ಅಟ್ಟದ ಮೇಲೆ ನಿಲ್ಲಿಸಿ ಹಾಡಿಸಿದೆವು. ಗುರುಗಳೂ ನಾವೂ ಬೆಂಚುಗಳ ನಡುವೆ ಓಡಾಡಿ ಕೇಳಿದೆವು. ಒಂದೊಂದು ಪದವೂ ಎಲ್ಲಾ ಕಡೆ ಸ್ಪಷ್ಟವಾಗಿ ಕೇಳಿಸಿತು. ಅಟ್ಟ ಭಾರ ತಡೆಯುತ್ತದೆಯೇ ಅಂತ ಎಂಜಿನಿಯರ್ ಹತ್ತಿರ ಪರೀಕ್ಷೆ ಮಾಡಿಸಿ ಅಲ್ಲೇ ಇಡೋಣ ಅಂದುಕೊಂಡೆವು.

ಎದುರಿಗೆ ತೆರೆದ ಜಾಗ ಸಿಕ್ಕಿದ ಮೇಲೆ ದೊಡ್ಡ ಆರ್ಗನ್ ಬೇಕಾಗಲೇ ಇಲ್ಲ. ಸ್ಟಾಪ್, ಅಂದರೆ ಒಂದೊಂದು ಬಗೆಯ ನಾದ ಕೊಡುವ ಕೊಳವೆಗಳ ಸಾಲು, ಹಳೆಯದರ ಸುಮಾರು ಅರ್ಧದಷ್ಟು ಸಾಕಾಯಿತು. ಕೆಲವು ಹಿರಿಯರು ಬೇಜಾರಾದರು. ಇಷ್ಟು ದುಡ್ಡು ಕೊಟ್ಟು ಕಡಿಮೆ ತರುವುದೇ ಅಂತ. ಇದಕ್ಕೆ ಬಾಯಿಮಾತಿನ ಉತ್ತರ ಸಾಲದು. ಅವರನ್ನು ಕರೆದುಕೊಂಡು ಹೋಗಿ ಅಟ್ಟದ ಮೇಲಿರುವ ಸಣ್ಣ ಆರ್ಗನ್ ಒಂದನ್ನು ಕೇಳಿಸಿ, ಜೊತೆಗೆ ಹಾಡಿಸಿ. ನಮ್ಮಲ್ಲಿ ಅದೇ ಕೆಲಸ ಮಾಡಿತು.

ಅಟ್ಟದ ಮೇಲಿನ ಚಾವಣಿ ತಗ್ಗು. 16 ಅಡಿ ಸ್ಟಾಪಿನ ಅತಿ ಮಂದ್ರ ಸ್ವರಕ್ಕೆ ತೆರೆದ ಕೊಳವೆಯಾದರೆ ಸುಮಾರು 4.9 ಮೀಟರ್ ಉದ್ದ ಬೇಕು. ತುದಿ ಮುಚ್ಚಿದರೆ ಅರ್ಧ ಉದ್ದದಲ್ಲೇ ಅದೇ ಸ್ವರ ಬರುತ್ತದೆ. ಹಳೆಯದರಲ್ಲಿ ಅಂಥ ಮರದ ಕೊಳವೆಗಳು ಗಟ್ಟಿಮುಟ್ಟಾಗಿದ್ದವು. ಅವನ್ನೂ, ತವರ ಸೀಸದ ಕೆಲವು ಕೊಳವೆಗಳನ್ನೂ ಉಳಿಸಿಕೊಂಡೆವು.

ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ವಾಯ್ಸಿಂಗ್, ಅಂದರೆ ಒಂದೊಂದು ಕೊಳವೆಯ ದನಿಯನ್ನೂ ಹದ ಮಾಡುವ ಕೆಲಸ. ಹಳೇ ಕೊಳವೆಗಳು ಜೋರು ಗಾಳಿಗೆ ಒಗ್ಗಿದ್ದವು. ಈಗಿನ ಗಾಳಿಯ ಒತ್ತಡ ಕಡಿಮೆ, ನೀರಿನ ಮಟ್ಟದ ಲೆಕ್ಕದಲ್ಲಿ 70 ಮಿಲಿಮೀಟರ್ ಆಸುಪಾಸು. ಅದಕ್ಕೆ ಪ್ರತಿ ಕೊಳವೆಯನ್ನೂ ಮತ್ತೆ ಹದ ಮಾಡಬೇಕು. ಕುಶಲಕರ್ಮಿ ಕೊಳವೆಯನ್ನು ಕೈಯಲ್ಲಿ ಹಿಡಿದು, ಅದರ ಬಾಯೊಳಗಿನ ಅಡ್ಡತಗಡನ್ನು ಸಣ್ಣ ಸಲಾಕೆಯಿಂದ ಕೂದಲೆಳೆಯಷ್ಟು ಕೆಳಗೆ ತಟ್ಟುತ್ತಿದ್ದರು. ಮತ್ತೆ ಕೂರಿಸಿ ಕೇಳುತ್ತಿದ್ದರು. ಮೊದಲು ಬರೀ ಫುಸ್ ಅನ್ನುತ್ತಾ ತಡವರಿಸುತ್ತಿದ್ದ ಕೊಳವೆ ಆಮೇಲೆ ಥಟ್ಟನೆ ದುಂಡಗೆ ನುಡಿಯುತ್ತಿತ್ತು. ಇದನ್ನು ಕಾರ್ಖಾನೆಯಲ್ಲಿ ಪೂರ್ತಿ ಮಾಡಲು ಬರುವುದಿಲ್ಲ. ಯಾವ ಚರ್ಚಿನಲ್ಲಿ ನುಡಿಯಬೇಕೋ ಅಲ್ಲೇ ಕೂತು ಮುಗಿಸಬೇಕು. ಆ ದಿನಗಳಲ್ಲಿ ಚರ್ಚ್ ನಿಶ್ಶಬ್ದವಾಗಿರಲಿ. ಗುತ್ತಿಗೆ ಬರೆಯುವಾಗಲೇ ಇದಕ್ಕೆ ಬೇಕಾದಷ್ಟು ಸಮಯ ಕೇಳಿಟ್ಟುಕೊಳ್ಳಿ, ಅವಸರ ಮಾಡಿಸಬೇಡಿ.

ಇನ್ನೊಂದು ವಿಷಯ, ಬಿಸಿ. ಬಿಸಿ ಗಾಳಿ ಮೇಲೇರುತ್ತದೆ, ಅಟ್ಟ ಮೊದಲು ಕಾಯುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಸಾಮಾನ್ಯ ಕೊಳವೆಯ ಶ್ರುತಿ ಅರ್ಧಸ್ವರದ ಸುಮಾರು ಮೂರನೇ ಒಂದು ಪಾಲು ಏರುತ್ತದೆ. ರೀಡ್ ಕೊಳವೆ (ಒಳಗಿನ ಲೋಹದ ನಾಲಿಗೆ ಅದುರಿ ಸ್ವರ ಕೊಡುವಂಥದ್ದು) ಅಷ್ಟು ಏರುವುದಿಲ್ಲ, ಹಾಗಾಗಿ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಪೂಜೆಯ ಹೊತ್ತಿಗೆ ಒಳಗೆ ಎಷ್ಟು ಬಿಸಿ ಇರುತ್ತದೋ ಅಷ್ಟೇ ಇರುವಾಗ ಶ್ರುತಿ ಮಾಡಿಸಿ. ನೆಲ ಉಜ್ಜಿಸುವುದು, ಗೋಡೆಗೆ ಬಣ್ಣ ಹೊಡೆಸುವುದು ಇದ್ದರೆ ಕೊಳವೆ ಬರುವ ಮೊದಲೇ ಮುಗಿಸಿಬಿಡಿ. ಆ ಧೂಳು ಕೊಳವೆಯ ಬಾಯಿಗೆ ಹೋದರೆ ಅಷ್ಟೂ ವಾಯ್ಸಿಂಗ್ ಕೆಟ್ಟುಹೋಗುತ್ತದೆ.