ಹಳೇ ಜಿಪ್ಸಿಯಲ್ಲಿ ಸಂಸಾರ ಸಮೇತ ಕ್ಯಾಂಪಿಂಗ್: ಮೊದಲು ಬ್ರೇಕು, ಆಮೇಲೆ ಮಿಕ್ಕಿದ್ದು

ಮಾರುತಿಯ ಹಳೆಯ ಜಿಪ್ಸಿ ಕೊಂಡವರು ಮೊದಲ ತಿಂಗಳಲ್ಲೇ ದುಡ್ಡು ಸುರಿಯುವುದು ಎಲ್‌ಇಡಿ ಬಾರ್, ಮಡ್ ಟೈರ್, ಮೇಲಿನ ಕ್ಯಾರಿಯರ್ ಇಂಥವುಗಳ ಮೇಲೆ. ಗಾಡಿ ದಾರಿಯಲ್ಲಿ ಕೈಕೊಡುವುದು ಮಾತ್ರ ನೂರಿನ್ನೂರು ರೂಪಾಯಿಯ ರಬ್ಬರ್ ಹೋಸ್ ಒಡೆದೋ, ಹಿಂದಿನ ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರಿಯೋ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುವ ಗಾಡಿಗೆ ಖರ್ಚಿನ ಸರದಿ ಬೇರೆಯೇ ಇರಬೇಕು: ನಿಲ್ಲುವುದು, ಕಾಯದಿರುವುದು, ಸೋರದಿರುವುದು, ಆಮೇಲೆ ಹೊರುವುದು. ಅಲಂಕಾರಕ್ಕೆ ದುಡ್ಡು ಉಳಿದರೆ ನೋಡೋಣ.

ಇಲ್ಲಿ ಹೇಳಿರುವುದು ಮುಖ್ಯವಾಗಿ 1,300 ಸಿಸಿ ಪೆಟ್ರೋಲ್ ಜಿಪ್ಸಿಗೆ, ಅಂದರೆ 1996ರ ನಂತರದ ಕಾರ್ಬುರೇಟರ್ ಗಾಡಿಗೂ 2000ದಿಂದ ಬಂದ ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಗೂ. ಬ್ರೇಕ್, ಆಕ್ಸಲ್, ತೂಕ, ವೈರಿಂಗ್ ಕುರಿತ ಮಾತು ಮಹೀಂದ್ರಾದ ಹಳೆಯ ಡೀಸೆಲ್ ಜೀಪುಗಳಿಗೂ ಸಲ್ಲುತ್ತದೆ.

ಕಾಗದ ಮತ್ತು ತುಕ್ಕು

ಖಾಸಗಿ ವಾಹನದ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರಚನೆಯನ್ನು ಅನುಮತಿಯಿಲ್ಲದೆ ಬದಲಿಸುವಂತಿಲ್ಲ. ಮುಂದಿನ ಉಕ್ಕಿನ ಬುಲ್ ಬಾರ್‌ಗೆ 2017ರಿಂದಲೇ ನಿಷೇಧವಿದೆ. ಆದ್ದರಿಂದ ಕೆಳಗಿನ ಸಲಹೆಗಳು ಮೂಲ ಟೈರ್ ಅಳತೆ, ಮೂಲ ಎತ್ತರ, ಮೂಲ ಎಂಜಿನ್ ಇಟ್ಟುಕೊಂಡೇ ಇವೆ. ಕ್ಯಾಂಪಿಂಗ್‌ಗೆ ಅಷ್ಟು ಸಾಕು ಕೂಡ.

ಕೆಲಸ ಶುರು ಮಾಡುವ ಮೊದಲು ಕಾಲಡಿಯ ಮ್ಯಾಟ್ ಎತ್ತಿ, ಗಾಡಿಯನ್ನು ರ್‍ಯಾಂಪ್ ಮೇಲೆ ಹತ್ತಿಸಿ. ಸ್ಪ್ರಿಂಗ್ ಕೂರುವ ಬ್ರಾಕೆಟ್, ಬಾಡಿ ಮೌಂಟ್, ಹಿಂದಿನ ಚಕ್ರದ ಮೇಲ್ಭಾಗ, ಸ್ಟೀರಿಂಗ್ ಬಾಕ್ಸ್ ಕೂತ ಜಾಗ, ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಒಳಗೆ ತಿಂದಿರುವುದು ದಪ್ಪಗೆ ಸದ್ದು ಮಾಡುತ್ತದೆ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಇನ್ನೂ ಹುಷಾರು. ತುಕ್ಕಿನ ಮೇಲೇ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದರೆ ತೇವ ಒಳಗೇ ಕೂತು ತುಕ್ಕು ಮುಂದುವರಿಯುತ್ತದೆ. ವೈರ್ ಬ್ರಷ್‌ನಲ್ಲಿ ಕೆರೆದು, ರಸ್ಟ್ ಕನ್ವರ್ಟರ್ ಹಚ್ಚಿ, ಒಣಗಿದ ಮೇಲೆ ಪ್ರೈಮರ್, ಪೇಂಟ್, ಕೊನೆಗೆ ಕೋಟಿಂಗ್. ಛಾಸಿಯಲ್ಲೇ ತೂತು ಬಿದ್ದಿದ್ದರೆ ಆ ಗಾಡಿ ಸಂಸಾರದ ಪ್ರಯಾಣಕ್ಕೆ ಬೇಡ.

ಬ್ರೇಕ್

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಎರಡು ವರ್ಷ ದಾಟಿದ ಆಯಿಲ್ ಘಾಟಿಯಲ್ಲಿ ಬಿಸಿಯಾದಾಗ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಪೆಡಲ್ ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗದೆ ಗುಳ್ಳೆ ಕುಗ್ಗಿಸುವುದಕ್ಕೇ ಮುಗಿಯುತ್ತದೆ. ಪೆಡಲ್ ಇದ್ದಕ್ಕಿದ್ದಂತೆ ತಳಕ್ಕಿಳಿಯುವುದು ಹೀಗೆ.

ಹಿಂದಿನ ಡ್ರಮ್ ತೆಗೆಸಿ, ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಮಡಚಿ ನೋಡಿ. ಒಳಗೆ ಒದ್ದೆಯಿದ್ದರೆ ಸಿಲಿಂಡರ್ ಬದಲಿಸಿ. ಬರೀ ವಾಷರ್ ಕಿಟ್ ಹಾಕಿಸಿದರೆ ಒಳಗೋಡೆಯಲ್ಲಿ ಗೀರು ಬಿದ್ದ ಸಿಲಿಂಡರ್ ಮತ್ತೆ ಸೋರುತ್ತದೆ. ಬ್ರೇಕ್ ಹೋಸ್‌ಗಳನ್ನು ಬಾಗಿಸಿದಾಗ ಸಣ್ಣ ಬಿರುಕು ಕಂಡರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಆಮೇಲೆ ಡಾಟ್ 3 ಅಥವಾ ಡಾಟ್ 4 ಆಯಿಲ್ ಒಂದು ಲೀಟರ್ ತಂದು ಪೂರ್ತಿ ಹಳೆಯದನ್ನು ಹೊರದೂಡಿ. ಬ್ಲೀಡಿಂಗ್, ಅಂದರೆ ಪೈಪಿನೊಳಗಿನ ಗಾಳಿ ಹೊರಬಿಡುವುದು, ಪೆಡಲ್ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ ಶುರುವಾಗಬೇಕು, ಅಂದರೆ ಹಿಂದಿನ ಎಡಚಕ್ರ. ಸೀಲ್ ಒಡೆಯದ ಹೊಸ ಡಬ್ಬವನ್ನೇ ಬಳಸಿ. ಗ್ಯಾರೇಜಿನ ಕಪಾಟಿನಲ್ಲಿ ಅರ್ಧ ಉಳಿದ ಡಬ್ಬ ಆಗಲೇ ತೇವ ಕುಡಿದಿರುತ್ತದೆ.

ಎಂಜಿನ್ ಕಾಯುವುದು ಯಾಕೆ?

ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಂಜಿನ್ ಬಿಸಿಯೇರಿ, ಹೆದ್ದಾರಿಗೆ ಬಿದ್ದ ಮೇಲೆ ಉಷ್ಣದ ಮುಳ್ಳು ಇಳಿದರೆ ಗಾಳಿಯ ಕೊರತೆ: ಫ್ಯಾನ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಹಿಂದಿನ ಫ್ಯಾನ್ ಕವಚ ನೋಡಿ. ಊರೊಳಗೆ ಸುಮ್ಮನಿದ್ದು 80ರ ವೇಗದಲ್ಲಿ ಕಾದರೆ ನೀರಿನ ಹರಿವಿನ ಕೊರತೆ: ರೇಡಿಯೇಟರ್ ಕಟ್ಟಿಕೊಂಡಿದೆ ಇಲ್ಲವೇ ವಾಟರ್ ಪಂಪ್ ಸೋತಿದೆ. ಈ ವ್ಯತ್ಯಾಸ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ದಿನ ಉಳಿಯುತ್ತದೆ.

ನಮ್ಮ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ತುಂಬಿದ ರೇಡಿಯೇಟರ್ ಒಳಗೆ ಸುಣ್ಣದ ಪದರ ಕಟ್ಟಿರುತ್ತದೆ. ಬಿಚ್ಚಿಸಿ ರಾಡಿಂಗ್ (ಕೊಳವೆಗಳೊಳಗೆ ಸಲಾಕೆ ತೂರಿಸಿ ಕೆರೆಯುವುದು) ಮಾಡಿಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಹಾಕಿ. ಮುಚ್ಚಳ ಹೊಸದಿರಲಿ. ಒಳಗಿನ ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ತಡೆಯುವುದೇ ಅದು, ಸ್ಪ್ರಿಂಗ್ ಸಡಿಲವಾದರೆ ಏರಿನಲ್ಲಿ ಉಕ್ಕುತ್ತದೆ.

"ಥರ್ಮೋಸ್ಟಾಟ್ ಕಿತ್ತುಬಿಡಿ ಸಾರ್, ತಣ್ಣಗಿರತ್ತೆ" ಎನ್ನುವ ಸಲಹೆ ಬಹಳ ಗ್ಯಾರೇಜುಗಳಲ್ಲಿ ಸಿಗುತ್ತದೆ. ಒಪ್ಪಬೇಡಿ. ಎಂಜಿನ್ ಬೆಚ್ಚಗಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಕವಾಟ ಅದು. ಅದಿಲ್ಲದ ಎಂಜಿನ್ ಬೆಚ್ಚಗಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಬಿಚ್ಚಿದ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿ. ಎಷ್ಟು ಡಿಗ್ರಿಗೆ ತೆರೆಯಬೇಕೆಂದು ಅದರ ಮೇಲೇ ಒತ್ತಿರುತ್ತದೆ. ಕುದಿದರೂ ತೆರೆಯದಿದ್ದರೆ ಹೊಸದು ಹಾಕಿ.

ಪೆಟ್ರೋಲ್ ಪೈಪು

ಈಗ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಜಿಪ್ಸಿಯ ಕಾಲದ ರಬ್ಬರ್ ಇದಕ್ಕೆಂದು ಮಾಡಿದ್ದಲ್ಲ. ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಬಿಸಿ ಎಂಜಿನ್ ಪಕ್ಕದಲ್ಲೇ ಜಿನುಗುತ್ತದೆ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಎಲ್ಲ ರಬ್ಬರ್ ತುಂಡನ್ನೂ ಒಮ್ಮೆಗೇ ಬದಲಿಸಿ. ಜೆ.ಸಿ. ರಸ್ತೆಯ ಅಂಗಡಿಗೆ ಹೋಗುವಾಗ ಹಳೆಯ ತುಂಡು ಕೈಲಿರಲಿ, ಹೊಸದರ ಮೇಲೆ "ಎಸ್‌ಎಇ ಜೆ30 ಆರ್9" ಎಂಬ ಅಚ್ಚು ಇದೆಯೇ ನೋಡಿ. ಎಂಪಿಎಫ್‌ಐ ಗಾಡಿಯಲ್ಲಿ ಪೈಪಿನ ಒತ್ತಡ ಬಹಳ ಹೆಚ್ಚು. ಕಾರ್ಬುರೇಟರ್ ಗಾಡಿಯ ಸಾದಾ ಹೋಸ್ ಅಲ್ಲಿ ನಿಲ್ಲುವುದಿಲ್ಲ. ಜೊತೆಗೆ ಪೆಟ್ರೋಲ್ ಫಿಲ್ಟರ್ ಹೊಸದು. ಎಥೆನಾಲ್ ಹಳೆಯ ಟ್ಯಾಂಕಿನ ಕೊಳೆ ಎಬ್ಬಿಸುವುದರಿಂದ ಆ ಫಿಲ್ಟರನ್ನು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬದಲಿಸುವುದು ಒಳ್ಳೆಯದು. ಡ್ರೈವರ್ ಸೀಟಿನಿಂದ ಕೈಗೆಟುಕುವಂತೆ ಐಎಸ್‌ಐ ಗುರುತಿನ ಎಬಿಸಿ ಪೌಡರ್ ಅಗ್ನಿಶಾಮಕವೂ ಬೇಕೇ ಬೇಕು.

ಆಕ್ಸಲ್, ಗೇರ್ ಆಯಿಲ್, ಬ್ರೀದರ್

ಗೇರ್‌ಬಾಕ್ಸ್, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದೆ ಹಿಂದೆ ಆಕ್ಸಲ್ ನಡುವಿನ ಗೇರು ಕೂತ ಎರಡು ಹೌಸಿಂಗ್: ನಾಲ್ಕು ಕಡೆ ಆಯಿಲ್ ಇರುತ್ತದೆ, ನಾಲ್ಕನ್ನೂ ಬದಲಿಸಿ. ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ ಆಯಿಲ್, ಹೌಸಿಂಗ್‌ಗಳಿಗೆ 80ಡಬ್ಲ್ಯು-90 ಜಿಎಲ್-5. ತಳದ ಬೋಲ್ಟ್ ಬಿಚ್ಚುವ ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಸಿ. ಅದು ತುಕ್ಕು ಹಿಡಿದು ಬರದೇ ಹೋದರೆ, ಆಯಿಲ್ ಖಾಲಿ ಮಾಡಿದ ಗಾಡಿ ಅಲ್ಲೇ ಕೂರುತ್ತದೆ. ಹಳೆಯ ಆಯಿಲ್ ಹಾಲು ಬೆರೆಸಿದಂತಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ.

ನೀರು ಹೋಗುವ ದಾರಿ ಸಾಮಾನ್ಯವಾಗಿ ಬ್ರೀದರ್, ಅಂದರೆ ಹೌಸಿಂಗ್ ಉಸಿರಾಡುವ ಸಣ್ಣ ಗಾಳಿತೂತು. ಓಡಿ ಕಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ನೀರಲ್ಲಿದ್ದರೆ ನೀರನ್ನೇ ಎಳೆಯುತ್ತದೆ. ಕೆಸರಿನಿಂದ ಮುಚ್ಚಿದ್ದರೆ ಆಯಿಲ್ ಸೀಲ್ ಮೂಲಕ ಎಳೆಯುತ್ತದೆ. ಎರಡೂ ಹೌಸಿಂಗ್‌ನ ಬ್ರೀದರ್‌ಗೆ ಆಯಿಲ್ ತಡೆಯುವ ಹೋಸ್ ಸಿಕ್ಕಿಸಿ, ಮುಂದಿನದನ್ನು ಬಾನೆಟ್ ಒಳಗೆ, ಹಿಂದಿನದನ್ನು ಪೆಟ್ರೋಲ್ ಹಾಕುವ ಬಾಯಿಯ ಎತ್ತರಕ್ಕೆ ಒಯ್ದು ತುದಿಯಲ್ಲಿ ಸಣ್ಣ ಫಿಲ್ಟರ್ ಕೂರಿಸಿ. ಆಕ್ಸಲ್ ಏರಿಳಿಯುವಾಗ ಹೋಸ್ ಬಿಗಿಯಾಗದಷ್ಟು ಸಡಿಲ ಬಿಡಿ. ಹಳೆಯ ಜಿಪ್ಸಿಗೆ ಮಾಡಬಹುದಾದ ಬದಲಾವಣೆಗಳಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಇನ್ನೊಂದಿಲ್ಲ.

ಒಂದು ವೇಗದಲ್ಲಿ ಗುಂಡಿ ಸಿಕ್ಕಾಗ ಸ್ಟೀರಿಂಗ್ ಕೈಬಿಡಿಸುವಷ್ಟು ನಡುಗಿದರೆ ಸ್ಟೀರಿಂಗ್ ಡ್ಯಾಂಪರ್ ಬದಲಿಸಿ ಸುಮ್ಮನಾಗಬೇಡಿ. ಮುಖ್ಯ ಕಾರಣ ಬಹುತೇಕ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಬೇರಿಂಗ್ ಸವೆತ. ಮುಂದಿನ ಚಕ್ರವನ್ನು ಜಾಕಿ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ತುಳಿದಿರಲಿ, ಮತ್ತೆ ಅಲುಗಿಸಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್.

ಫೋರ್ ವೀಲ್ ಡ್ರೈವನ್ನು ಒಣ ಟಾರು ರಸ್ತೆಯಲ್ಲಿ ಹಾಕಬಾರದು. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆಬೇರೆ ದೂರ ಉರುಳುತ್ತವೆ. ಜಾರಲು ಮಣ್ಣಿಲ್ಲದಿದ್ದರೆ ಆ ಬಿಗಿ ಗೇರಿಗೂ, ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸ್‌ಗೂ ಹೋಗುತ್ತದೆ. ಹಾಗೆಂದು ವರ್ಷಗಟ್ಟಲೆ ಮುಟ್ಟದೇ ಇರಬೇಡಿ. ತಿಂಗಳಿಗೊಮ್ಮೆ ಮಣ್ಣು ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿದರೆ ಆಯಿಲ್ ಹರಡಿ ಸೀಲ್‌ಗಳು ಮೆತ್ತಗಿರುತ್ತವೆ.

ಸೀಟು, ತೂಕ, ಟೈರು

ಹಿಂದೆ ಎದುರುಬದುರು ಬೆಂಚಿರುವ ಜಿಪ್ಸಿಯಲ್ಲಿ ಮಕ್ಕಳನ್ನು ದೂರ ಕರೆದೊಯ್ಯಬೇಡಿ. ಅಡ್ಡ ಕೂತವರನ್ನು ಗಾಡಿ ಡಿಕ್ಕಿ ಹೊಡೆದಾಗ ಹಿಡಿದಿಡಲು ಅಲ್ಲಿ ಏನೂ ಇಲ್ಲ, ಮಕ್ಕಳ ಸೀಟನ್ನು ಬಿಗಿಯುವುದೂ ಆಗದು. ಮುಂದಕ್ಕೆ ಮುಖ ಮಾಡಿದ ಸೀಟು, ಮೂರು ಬಿಂದುವಿನ ಬೆಲ್ಟು ಬೇಕು, ಬೆಲ್ಟಿನ ಬೋಲ್ಟ್ ತೆಳು ತಗಡಿಗಲ್ಲದೆ ಕೆಳಗೆ ಉಕ್ಕಿನ ಪ್ಲೇಟ್ ಕೊಟ್ಟು ಬಿಗಿದಿರಬೇಕು. ಇದಕ್ಕೆ ಮೊದಲೇ ಆರ್‌ಟಿಒ ಅನುಮತಿ ಪಡೆದು, ಸೀಟಿನ ಸಂಖ್ಯೆ ಬದಲಾದರೆ ಆರ್‌ಸಿಯಲ್ಲಿ ನಮೂದಿಸಿ. ಬೇರೆಲ್ಲ ಖರ್ಚು ಮುಂದೂಡಿದರೂ ಇದನ್ನು ಮುಂದೂಡಬೇಡಿ.

ನಾಲ್ಕು ಜನ 220 ಕೆ.ಜಿ., ನೀರು 40 ಲೀಟರ್ ಅಂದರೆ 40 ಕೆ.ಜಿ., ಟೆಂಟು ಹಾಸಿಗೆ 30, ಅಡುಗೆ ಸಾಮಾನು 25, ಸಲಕರಣೆ 30, ಬ್ಯಾಟರಿ 10: ಒಟ್ಟು 355 ಕೆ.ಜಿ. ಇದರ ಮೇಲೆ 50-60 ಕೆ.ಜಿ. ತೂಗುವ ರೂಫ್ ಟಾಪ್ ಟೆಂಟನ್ನು, ಕ್ಯಾರಿಯರ್ ಸಮೇತ, ಕಿರಿದಾದ ಎತ್ತರದ ಗಾಡಿಯ ನೆತ್ತಿಗೆ ಹೇರಿದರೆ ತಿರುವಿನಲ್ಲಿ ವಾಲುವುದು ಮನೆಮಂದಿಗೆಲ್ಲ ಗೊತ್ತಾಗುತ್ತದೆ. ನೆಲದ ಟೆಂಟೇ ಒಳ್ಳೆಯದು. ಭಾರದ್ದೆಲ್ಲ ಕೆಳಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ, ಪಟ್ಟಿಯಿಂದ ಬಿಗಿದಿರಲಿ. ತುಂಬಿದ ಗಾಡಿಯನ್ನು ಒಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಕಂಪನಿ ಹೇಳಿದ ಒಟ್ಟು ತೂಕದ ಜೊತೆ ಹೋಲಿಸಿ.

ಕೂತುಹೋದ ಲೀಫ್ ಸ್ಪ್ರಿಂಗಿಗೆ ಎರಡಿಂಚು ಎತ್ತರಿಸುವ ಕಿಟ್ ಮದ್ದಲ್ಲ. ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸ್ ಬೇಗ ಹೋಗುತ್ತದೆ, ಬ್ರೇಕ್ ಹೋಸ್ ಎಳೆಯುತ್ತದೆ, ಸ್ಟೀರಿಂಗ್ ಹೆದ್ದಾರಿಯಲ್ಲಿ ಅಲೆಯುತ್ತದೆ. ಮೂಲ ಅಳತೆಯ ಹೊಸ ಸ್ಪ್ರಿಂಗ್, ಹೊಸ ಬುಷ್, ಹೊಸ ಯು-ಬೋಲ್ಟ್ ಹಾಕಿಸಿ, 500 ಕಿಲೋಮೀಟರ್ ಆದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿಯಿಸಿ.

ಬೆಂಗಳೂರಿನಿಂದ ಸಕಲೇಶಪುರದ ಎಸ್ಟೇಟಿಗೆ ಹೋದರೂ 200 ಕಿಲೋಮೀಟರ್ ಮೀರಿದ ಟಾರು, ಕೊನೆಗೆ ನಾಲ್ಕೈದು ಕಿಲೋಮೀಟರ್ ಕೆಸರು. ಆದ್ದರಿಂದ ಮಡ್ ಟೈರ್ ಅಲ್ಲ, ಆಲ್ ಟೆರೇನ್. ಮಡ್ ಟೈರಿನ ದೊಡ್ಡ ಗುಬ್ಬಿಗಳು ಒದ್ದೆ ಟಾರಿನ ಮೇಲೆ ಗಾಡಿಯನ್ನು ತಡವಾಗಿ ನಿಲ್ಲಿಸುತ್ತವೆ. ಟೈರಿನ ಪಕ್ಕದ ನಾಲ್ಕು ಅಂಕಿ ತಯಾರಿಕೆಯ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಗುಬ್ಬಿ ಎಷ್ಟೇ ಉಳಿದಿದ್ದರೂ ಆರು ವರ್ಷ ದಾಟಿದ್ದನ್ನು ಬದಲಿಸಿ, ಸ್ಟೆಪ್ನಿಯನ್ನೂ ಸೇರಿಸಿ. ಕೆಸರಿನಲ್ಲಿ ಗಾಳಿಯನ್ನು ನಾಲ್ಕನೇ ಒಂದು ಭಾಗ ಇಳಿಸಿದರೆ ಹಿಡಿತ ಚೆನ್ನಾಗಿ ಬರುತ್ತದೆ. ಟ್ಯೂಬ್ ಇರುವ ಟೈರಾದರೆ ಅದಕ್ಕಿಂತ ಇಳಿಸಬೇಡಿ, ಟೈರು ರಿಮ್ ಮೇಲೆ ಜಾರಿ ವಾಲ್ವ್ ಕಿತ್ತುಹೋಗುತ್ತದೆ. ಟಾರು ಸೇರುವ ಮೊದಲು ಮತ್ತೆ ತುಂಬಿಸಬೇಕು. ಅದಕ್ಕೆ ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ಕಂಪ್ರೆಸರ್ ಇರಲಿ.

ಕರೆಂಟು

ಹೆಡ್‌ಲೈಟ್ ಮಂಕಾಗಿದ್ದರೆ 100 ವಾಟಿನ ಬಲ್ಬ್ ಹಾಕಬೇಡಿ, ಸ್ವಿಚ್ಚು ಕರಗುತ್ತದೆ. ರಿಲೇ ಇರುವ ವೈರಿಂಗ್ ಹಾಕಿಸಿ ಮೂಲ 55/60 ವಾಟ್ ಬಲ್ಬನ್ನೇ ಉಳಿಸಿಕೊಂಡರೆ ವೋಲ್ಟೇಜ್ ಪೂರ್ತಿ ತಲುಪಿ ಬೆಳಕು ಗಮನಾರ್ಹವಾಗಿ ಏರುತ್ತದೆ.

ಕ್ಯಾಂಪಿಗೆ ಎಷ್ಟು ಬೇಕೆಂದು ಲೆಕ್ಕ ಹಾಕಿ: 10 ವಾಟ್ ದೀಪ 5 ಗಂಟೆ, 20 ವಾಟ್ ಫ್ಯಾನ್ 8 ಗಂಟೆ, ನಾಲ್ಕು ಫೋನು 60 ವಾಟ್-ಅವರ್, ಒಟ್ಟು 270. ಫ್ರಿಜ್ ಇಲ್ಲದಿದ್ದರೆ 12.8 ವೋಲ್ಟ್ 50 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ 640 ವಾಟ್-ಅವರ್, ಎರಡು ರಾತ್ರಿಗೆ ಸಾಕು. ಅದನ್ನು ಬಾನೆಟ್ ಒಳಗಿಡಬೇಡಿ, ಬಿಸಿಗೆ ಹಾಳಾಗುತ್ತದೆ. ಸೀಟಿನ ಹಿಂದೆ ಬಿಗಿದು, ಗಾಡಿಯ ಬ್ಯಾಟರಿಯಿಂದ ಇದನ್ನು ಹದವಾಗಿ ತುಂಬುವ ಡಿಸಿ-ಡಿಸಿ ಚಾರ್ಜರ್ ಮೂಲಕವೇ ಜೋಡಿಸಿ. 20 ಆಂಪಿಯರ್ ಚಾರ್ಜರ್‌ಗೆ 10 ಚದರ ಮಿ.ಮೀ. ತಾಮ್ರದ ವೈರು, 40 ಆಂಪಿಯರ್ ಫ್ಯೂಸು, ಎರಡೂ ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ. ಫ್ಯೂಸ್ ಕಾಯುವುದು ವೈರನ್ನು. ದೂರ ಹಾಕಿದರೆ ನಡುವಿನ ವೈರು ಉಜ್ಜಿ ಛಾಸಿಗೆ ತಾಗಿದಾಗ ಹೊತ್ತಿಕೊಳ್ಳುತ್ತದೆ.

ಹೊರಡುವ ಮುನ್ನ, ಬಂದ ಮೇಲೆ

ಪೂರ್ತಿ ತೂಕ ತುಂಬಿ ನಂದಿ ಬೆಟ್ಟ ಹತ್ತಿಸಿ ನೋಡಿ. ಏರಿನಲ್ಲಿ ಉಷ್ಣದ ಮುಳ್ಳು, ಇಳಿಯುವಾಗ ಎರಡನೇ ಗೇರಿನಲ್ಲಿ ಬ್ರೇಕು, ಎರಡೂ ಪರೀಕ್ಷೆಯಾಗುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸೈಲೆನ್ಸರ್ ತುದಿಗೆ ದಪ್ಪ ಬಟ್ಟೆ ಒತ್ತಿ; ಮಧ್ಯೆ ಎಲ್ಲಾದರೂ ಬುಸ್ ಎಂದರೆ ಅಲ್ಲಿ ಸೋರಿಕೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಹಿಂದೆ ಮಲಗಿದ ಮಕ್ಕಳಿಗೆ ಅದೇ ಅಪಾಯ. ಅದೇ ಕಾರಣಕ್ಕೆ ಎಂಜಿನ್ ಚಾಲೂ ಇಟ್ಟು ಮಲಗುವುದು, ಟೆಂಟಿನೊಳಗೆ ಸ್ಟೌ ಹಚ್ಚುವುದು ಎರಡೂ ಕೂಡದು.

ಸಿಕ್ಕಿಕೊಂಡ ಗಾಡಿ ಎಳೆಯಲು 9 ಮೀಟರ್ ಕೈನೆಟಿಕ್ (ಹಿಗ್ಗುವ) ಪಟ್ಟಿ, 4.75 ಟನ್ ಎಂದು ಅಚ್ಚಿರುವ ಎರಡು ಶ್ಯಾಕಲ್ (ಪಿನ್ ಹಾಕುವ ಉಕ್ಕಿನ ಕೊಂಡಿ), ಸಲಿಕೆ, ಜಾಕಿಯ ಕೆಳಗಿಡಲು ಹಲಗೆ ಒಯ್ಯಿರಿ. ಪಟ್ಟಿಯನ್ನು ಛಾಸಿಯ ಕೊಕ್ಕೆಗೇ ಹಾಕಬೇಕು, ಬಂಪರ್‌ಗಾಗಲಿ ಟ್ರೇಲರ್ ಗುಂಡಿಗಾಗಲಿ ಅಲ್ಲ. ಎಳೆಯುವಾಗ ಮನೆಯವರು ಪಟ್ಟಿಯ ಒಂದೂವರೆ ಪಟ್ಟು ದೂರದಲ್ಲಿರಲಿ.

ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಗಾಡಿ ಇಳಿಸುವುದು, ಟೆಂಟು ಹಾಕುವುದು ಅಪರಾಧ. ಎಸ್ಟೇಟ್ ಅಥವಾ ಅಧಿಕೃತ ಶಿಬಿರದ ಜಾಗ ಮೊದಲೇ ಮಾತಾಡಿಕೊಳ್ಳಿ. ಬಂಡೀಪುರದ ಮೂಲಕ ಹೋಗುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ದಾರಿ ಮುಚ್ಚಿರುತ್ತದೆ ಎಂಬ ಲೆಕ್ಕದಲ್ಲೇ ಹೊರಡಿ.

ವಾಪಸ್ ಬಂದ ವಾರದಲ್ಲೇ ಛಾಸಿಯ ಒಳಗೂ ಡ್ರಮ್‌ನ ಒಳಗೂ ಕೂತ ಕೆಸರು ತೊಳೆಸಿ, ಪ್ರೊಪೆಲ್ಲರ್ ಶಾಫ್ಟಿನ ಎಲ್ಲ ನಿಪ್ಪಲ್‌ಗೂ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದು ಹೊಡೆಸಿ. ಹಬ್ ಮುಳುಗುವಷ್ಟು ನೀರು ದಾಟಿದ್ದರೆ ವೀಲ್ ಬೇರಿಂಗ್ ಬಿಚ್ಚಿ ಗ್ರೀಸ್ ಬದಲಿಸಿ, ಎರಡೂ ಹೌಸಿಂಗ್‌ನ ಆಯಿಲ್ ಬಣ್ಣ ನೋಡಿ. ಚಕ್ರ ಬಿಚ್ಚಿದ ಪ್ರತಿ ಸಲವೂ 100 ಕಿಲೋಮೀಟರ್ ಒಳಗೆ ನಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ.